ಬೀರುವಿನಲ್ಲಿರುವ ಹಳೆ ಗೇಮ್‌ಗಳಿಗೆ ಯಾವ ಹೊಸ ಕನ್ಸೋಲ್? ಪಿಎಸ್5, ಸೀರೀಸ್ ಎಕ್ಸ್, ಸ್ವಿಚ್ 2 ವಿಮರ್ಶೆ

ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಲ್ಲಾಗಲಿ ಎಸ್.ಪಿ. ರೋಡ್‌ನಲ್ಲಾಗಲಿ ಹೊಸ ಕನ್ಸೋಲ್, ಅಂದರೆ ಗೇಮ್ ಆಡುವ ಪೆಟ್ಟಿಗೆ, ವಿಚಾರಿಸಿದರೆ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ: "ತಗೊಂಡ್ಹೋಗಿ ಸಾರ್, ಹಳೇ ಗೇಮೆಲ್ಲಾ ಓಡತ್ತೆ." ಮಾತು ಪೂರ್ತಿ ಸುಳ್ಳಲ್ಲ. ಆದರೆ ಯಾವ ಹಳೆ ಗೇಮ್, ಅದು ಡಿಸ್ಕೋ ಡೌನ್‌ಲೋಡೋ, ಕೊಳ್ಳುತ್ತಿರುವ ಮಾಡೆಲ್‌ಗೆ ಡಿಸ್ಕ್ ಡ್ರೈವ್ ಇದೆಯೋ ಇಲ್ಲವೋ, ಇಷ್ಟನ್ನು ಕೇಳದೆ ದುಡ್ಡು ಎಣಿಸಿದರೆ ಮನೆಗೆ ಬಂದ ಮೇಲೆ ಪೇಚಾಟ ತಪ್ಪಿದ್ದಲ್ಲ.

ಹೊಸ ಗೇಮ್‌ಗಳ ಗ್ರಾಫಿಕ್ಸ್ ಹೇಗಿದೆ, ಯಾವುದು ಜಾಸ್ತಿ ಪವರ್‌ಫುಲ್ ಅನ್ನುವ ಚರ್ಚೆ ಇಲ್ಲಿಲ್ಲ. ಬೀರುವಿನಲ್ಲಿ ಈಗಾಗಲೇ ಇರುವ ಡಿಸ್ಕ್, ಕಾರ್ಟ್ರಿಜ್, ಖಾತೆಯಲ್ಲಿ ಕೊಂಡಿಟ್ಟ ಗೇಮ್ ಹೊಸ ಪೆಟ್ಟಿಗೆಯಲ್ಲಿ ಎಷ್ಟು ನಡೆಯುತ್ತವೆ ಅನ್ನುವುದಷ್ಟೇ ಲೆಕ್ಕ. ಅವಸರದಲ್ಲಿರುವವರಿಗೆ ತೀರ್ಪು ಮೊದಲೇ: ಪಿಎಸ್4, ಅಂದರೆ ಸೋನಿಯ ಪ್ಲೇಸ್ಟೇಷನ್ 4ರ ಡಿಸ್ಕ್ ಇದ್ದರೆ ಡಿಸ್ಕ್ ಡ್ರೈವ್ ಇರುವ ಪಿಎಸ್5 ಅನ್ನು ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಡಿಸ್ಕ್ ಇದ್ದರೆ ಅದೇ ಕಂಪನಿಯ ಕಪ್ಪು ಸೀರೀಸ್ ಎಕ್ಸ್, ಅದೂ ಓಡುವ ಗೇಮ್‌ಗಳ ಪಟ್ಟಿ ನೋಡಿಕೊಂಡು. ಪಿಎಸ್3 ಡಿಸ್ಕ್ ಇರುವವರು ಹೊಸದಕ್ಕೆ ಆಸೆಪಡದೆ ಆ ಪಿಎಸ್3ಯನ್ನೇ ಜೋಪಾನ ಮಾಡುವುದು ಕ್ಷೇಮ. ನಿಂಟೆಂಡೊ ಕಂಪನಿಯ ಸ್ವಿಚ್ ಆಡುವವರಿಗೆ ಸ್ವಿಚ್ 2 ಒಳ್ಳೆಯ ಆಯ್ಕೆಯೇ, ಆದರೆ ಬಾಕ್ಸ್ ತುಂಬ ಜಪಾನಿ ಅಕ್ಷರ ಕಂಡರೆ ಕೈ ಹಿಂದೆ ತಗೊಳ್ಳಿ.

ಪಿಎಸ್5: ಪಿಎಸ್4 ಮಟ್ಟಿಗೆ ಪಕ್ಕಾ

ಪಿಎಸ್5 ಭಾರತದ ಅಂಗಡಿಗಳಿಗೆ ಬಂದಿದ್ದು 2021ರ ಫೆಬ್ರುವರಿ 2ರಂದು. ಆಗ ಡಿಸ್ಕ್ ಮಾಡೆಲ್‌ಗೆ 49,990 ರೂಪಾಯಿ, ಡಿಜಿಟಲ್ ಮಾಡೆಲ್‌ಗೆ 39,990. ಹಳೆ ಗೇಮ್ ಇರುವವರಿಗೆ ಆ 10,000 ರೂಪಾಯಿ ಉಳಿತಾಯ ಬರೀ ಭ್ರಮೆ. ಡಿಜಿಟಲ್ ಮಾಡೆಲ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ, ಬೀರುವಿನಲ್ಲಿರುವ ಪಿಎಸ್4 ಡಿಸ್ಕ್ ತೋರಿಸಿ ಡೌನ್‌ಲೋಡ್ ಕೇಳುವ ವ್ಯವಸ್ಥೆಯೂ ಇಲ್ಲ. ಅದೇ ಗೇಮ್ ಸೋನಿಯ ಆನ್‌ಲೈನ್ ಸ್ಟೋರ್‌ನಲ್ಲಿ ಮತ್ತೆ ಕೊಳ್ಳಬೇಕು. ನಾಲ್ಕೈದು ಗೇಮ್‌ಗೆ ಉಳಿಸಿದ ದುಡ್ಡು ಕರಗಿಹೋಗುತ್ತದೆ. 2023ರ ಕೊನೆಗೆ ಬಂದ ಸ್ಲಿಮ್ ಮಾಡೆಲ್‌ನಲ್ಲಿ ಡಿಸ್ಕ್ ಡ್ರೈವ್ ಕಳಚಿ ಜೋಡಿಸುವಂಥದ್ದು. ಬೇರೆ ಡ್ರೈವ್ ಜೋಡಿಸಿದಾಗ ಮೊದಲ ಸಲ ಇಂಟರ್ನೆಟ್ ಬೇಕೇ ಬೇಕು, ಇಲ್ಲದಿದ್ದರೆ ಕನ್ಸೋಲ್ ಅದನ್ನು ಒಪ್ಪಿಕೊಳ್ಳುವುದಿಲ್ಲ. ಪಿಎಸ್5 ಪ್ರೊ ಬಗ್ಗೆ ಕೇಳುವವರಿಗೆ ಎರಡೇ ಮಾತು: ಬಾಕ್ಸ್‌ನಲ್ಲಿ ಡ್ರೈವ್ ಬರುವುದಿಲ್ಲ, 2024ರಲ್ಲಿ ಬಿಡುಗಡೆಯಾದಾಗ 6 ಗಿಗಾಹರ್ಟ್ಸ್ ವೈಫೈಗೆ ಇಲ್ಲಿ ಅನುಮತಿ ಇರದ ಕಾರಣ ಸೋನಿ ಭಾರತವನ್ನು ಪಟ್ಟಿಯಿಂದ ಹೊರಗಿಟ್ಟಿತ್ತು, ಹಾಗಾಗಿ ಆಗ ಮಾರ್ಕೆಟ್‌ನಲ್ಲಿ ಕಂಡದ್ದೆಲ್ಲ ಹೊರಗಿನಿಂದ ಬಂದ ಮಾಲು, ಇಲ್ಲಿ ವಾರಂಟಿ ಇಲ್ಲದ್ದು.

ಪಿಎಸ್4 ಗೇಮ್ ಇಷ್ಟು ಸಲೀಸಾಗಿ ಓಡಲು ಕಾರಣ ಚಿಪ್‌ನಲ್ಲೇ ಇದೆ. ಪಿಎಸ್4, ಪಿಎಸ್5 ಎರಡರಲ್ಲೂ ಎಎಮ್‌ಡಿ ಕಂಪನಿಯ ಒಂದೇ ವಂಶದ ಪ್ರೊಸೆಸರ್. ಗ್ರಾಫಿಕ್ಸ್ ಚಿಪ್‌ನ ಕಂಪ್ಯೂಟ್ ಯೂನಿಟ್ (ಚಿತ್ರದ ಲೆಕ್ಕ ಮಾಡುವ ಘಟಕ) ಲೆಕ್ಕವೂ ಹೊಂದಿಸಿದ ಹಾಗಿದೆ: ಪಿಎಸ್4ರಲ್ಲಿ 18, ಪಿಎಸ್4 ಪ್ರೊನಲ್ಲಿ 36, ಪಿಎಸ್5ರಲ್ಲೂ 36. ಹಳೆ ಗೇಮ್ ಶುರುವಾದಾಗ ಚಿಪ್ ಹಳೆಯದರಂತೆ ನಡೆದುಕೊಳ್ಳುವ ಮೋಡ್‌ಗೆ ಹೋಗುತ್ತದೆ. ಸಾಫ್ಟ್‌ವೇರ್‌ನಿಂದ ಅನುಕರಣೆ ಮಾಡುವ ಎಮ್ಯುಲೇಶನ್ ಇದಲ್ಲ. 4,000ಕ್ಕೂ ಹೆಚ್ಚು ಪಿಎಸ್4 ಗೇಮ್‌ಗಳ ಪೈಕಿ ಬಿಡುಗಡೆಯ ಹೊತ್ತಿಗೆ ಸೋನಿ 'ಓಡುವುದಿಲ್ಲ' ಎಂದು ಹೇಳಿದ್ದು ಬರೀ 10. ಅವುಗಳಲ್ಲಿ ಶ್ಯಾಡ್ವೆನ್, ಜೋಸ್ ಡೈನರ್, ವಿ ಸಿಂಗ್ ಮುಂತಾದ ಹೆಸರುಗಳಿವೆ. ಬೆಂಗಳೂರಿನಲ್ಲಿ ಇವುಗಳ ಡಿಸ್ಕ್ ಕಂಡವರೇ ವಿರಳ.

ಓಡುವುದು ಬೇರೆ, ಚೆನ್ನಾಗಿ ಓಡುವುದು ಬೇರೆ. ಪಿಎಸ್4ರಲ್ಲಿ ಸೆಕೆಂಡಿಗೆ 30 ಫ್ರೇಮ್ (ಪರದೆಯ ಮೇಲೆ ಬದಲಾಗುವ ಚಿತ್ರ; ಹೆಚ್ಚಿದ್ದಷ್ಟೂ ಆಟ ನಯ) ಎಂದು ಕಟ್ಟಿಹಾಕಿದ ಗೇಮ್, ತಯಾರಕರು ಪ್ಯಾಚ್ ಎಂಬ ತಿದ್ದುಪಡಿ ಕೊಡದಿದ್ದರೆ ಪಿಎಸ್5ರಲ್ಲೂ 30ರಲ್ಲೇ ನಿಲ್ಲುತ್ತದೆ. ಬ್ಲಡ್‌ಬೋರ್ನ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. 2018ರ ಗಾಡ್ ಆಫ್ ವಾರ್, ಘೋಸ್ಟ್ ಆಫ್ ಸುಶಿಮಾ, ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಪ್ಯಾಚ್ ಪಡೆದು 60ಕ್ಕೆ ಏರಿವೆ. ಈ ಮೂರನ್ನು ಪಿಎಸ್4ರಲ್ಲಿ ಆಡಿದವರಿಗೂ ಮತ್ತೆ ಆಡುವ ಮನಸ್ಸಾಗುತ್ತದೆ. ಇನ್ನು ಕೆಲವು ಗೇಮ್‌ಗಳಲ್ಲಿ ಉಲ್ಟಾ ಉಪಾಯವಿದೆ. ಅಸಾಸಿನ್ಸ್ ಕ್ರೀಡ್ ಯೂನಿಟಿಯ ಡಿಸ್ಕ್‌ನಲ್ಲಿರುವ 1.00 ಆವೃತ್ತಿಗೆ ಫ್ರೇಮ್ ಮಿತಿ ಇರಲಿಲ್ಲ, ಮಿತಿ ಬಂದಿದ್ದು ಆಮೇಲಿನ ಅಪ್‌ಡೇಟ್‌ನಲ್ಲಿ. ಇಂಟರ್ನೆಟ್ ಆಫ್ ಮಾಡಿ, ಡಿಸ್ಕ್‌ನಿಂದಷ್ಟೇ ಇನ್‌ಸ್ಟಾಲ್ ಮಾಡಿ, ಅಪ್‌ಡೇಟ್ ಹಾಕದೆ ಆಡಿದರೆ ಪಿಎಸ್5ರಲ್ಲಿ 60 ಫ್ರೇಮ್ ಸಿಗುತ್ತದೆ. ಬಿಡುಗಡೆ ದಿನದ ಬಗ್‌ಗಳೂ ಅದರ ಜೊತೆಗೇ ಬರುತ್ತವೆ, ಅದು ಬೇರೆ ಮಾತು.

ಜನ ಹೆಚ್ಚು ಎಡವುವುದು ಒಂದೇ ಗೇಮ್‌ಗೆ ಪಿಎಸ್4, ಪಿಎಸ್5 ಎರಡೂ ಆವೃತ್ತಿ ಇರುವ ಕಡೆ. ಗೇಮ್‌ನ ಪರದೆಯಲ್ಲಿ ಪ್ಲೇ ಬಟನ್ ಪಕ್ಕದ ಮೂರು ಚುಕ್ಕಿ ಒತ್ತಿದರೆ ಯಾವ ಆವೃತ್ತಿ ಅಂತ ಆರಿಸಬಹುದು. ಅದನ್ನು ನೋಡದೆ ತಿಂಗಳುಗಟ್ಟಲೆ ಪಿಎಸ್4 ಆವೃತ್ತಿಯನ್ನೇ ಆಡುತ್ತಿರುವವರಿದ್ದಾರೆ. ಡಿಸ್ಕ್‌ನಿಂದ ಪಿಎಸ್5 ಆವೃತ್ತಿಗೆ ಅಪ್‌ಗ್ರೇಡ್ ಆದರೂ ಆಡುವಾಗಲೆಲ್ಲ ಆ ಪಿಎಸ್4 ಡಿಸ್ಕ್ ಒಳಗಿರಲೇಬೇಕು; ಅಪ್‌ಗ್ರೇಡ್ ಮಾಡಿ ಡಿಸ್ಕ್ ಮಾರಿಬಿಡುವ ಲೆಕ್ಕ ನಡೆಯುವುದಿಲ್ಲ. ಸೇವ್, ಅಂದರೆ ಎಲ್ಲಿಯವರೆಗೆ ಆಡಿದ್ದೀರಿ ಎಂಬ ದಾಖಲೆ, ಕೂಡ ತಾನಾಗಿ ಬರುವುದಿಲ್ಲ. ಘೋಸ್ಟ್ ಆಫ್ ಸುಶಿಮಾ ಡೈರೆಕ್ಟರ್ಸ್ ಕಟ್‌ನಂಥ ಗೇಮ್‌ಗಳಲ್ಲಿ ಮೆನುವಿನಲ್ಲೇ ಪಿಎಸ್4 ಸೇವ್ ತರುವ ಆಯ್ಕೆ ಇದೆ, ಆದರೆ ಎಲ್ಲ ಗೇಮ್‌ಗಳೂ ಆ ಸೌಕರ್ಯ ಕೊಟ್ಟಿಲ್ಲ.

ಸೇವ್ ಸಾಗಿಸಲು ಸೋನಿಯ ಚಂದಾ ಸೇವೆ ಪಿಎಸ್ ಪ್ಲಸ್ ಇದ್ದರೆ ಕ್ಲೌಡ್ ಸಾಕು. ಇಲ್ಲದಿದ್ದರೂ ದುಡ್ಡು ಕಟ್ಟಬೇಕಿಲ್ಲ. ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಅನ್ನು ಪಿಎಸ್4ಗೆ ಹಾಕಿ, ಸೆಟ್ಟಿಂಗ್ಸ್‌ನಲ್ಲಿ 'ಅಪ್ಲಿಕೇಶನ್ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್', ಅದರೊಳಗೆ 'ಸೇವ್ಡ್ ಡೇಟಾ ಇನ್ ಸಿಸ್ಟಮ್ ಸ್ಟೋರೇಜ್', ಅಲ್ಲಿಂದ ಯುಎಸ್‌ಬಿಗೆ ಕಾಪಿ. ಪಿಎಸ್5ರಲ್ಲಿ ಸೆಟ್ಟಿಂಗ್ಸ್‌ನ ಸೇವ್ಡ್ ಡೇಟಾ ವಿಭಾಗಕ್ಕೆ ಹೋಗಿ ಪಿಎಸ್4 ಎಂದಿರುವ ಸಾಲು ಆರಿಸಿ ಒಳಗೆ ತಂದುಕೊಳ್ಳಿ. ಖಾತೆ ಎರಡರಲ್ಲೂ ಒಂದೇ ಇರಬೇಕು. ಪಿಎಸ್5 ಗೇಮ್‌ಗಳ ಸೇವ್ ಮಾತ್ರ ಪೆನ್‌ಡ್ರೈವ್‌ಗೆ ಹೋಗುವುದಿಲ್ಲ, ಹಾಗಾಗಿ ಪಿಎಸ್4 ಮಾರುವ ಮುಂಚೆಯೇ ಈ ಕೆಲಸ ಮುಗಿಸಿ.

ಎಲ್ಲವನ್ನೂ ಒಟ್ಟಿಗೆ ಸಾಗಿಸುವುದಾದರೆ ಎರಡೂ ಕನ್ಸೋಲ್ ಒಂದೇ ನೆಟ್‌ವರ್ಕ್‌ನಲ್ಲಿರಲಿ, ಸಾಧ್ಯವಾದರೆ ನಡುವೆ ನೇರ ಲ್ಯಾನ್ ಕೇಬಲ್ ಹಾಕಿ. ಪಿಎಸ್5ರಲ್ಲಿ ಡೇಟಾ ಟ್ರಾನ್ಸ್‌ಫರ್ ಶುರು ಮಾಡಿ, ಕೇಳಿದಾಗ ಪಿಎಸ್4ರ ಪವರ್ ಬಟನ್ ಅನ್ನು ಬೀಪ್ ಶಬ್ದ ಬರುವವರೆಗೆ ಒಂದು ಸೆಕೆಂಡ್ ಒತ್ತಿ ಹಿಡಿಯಬೇಕು. ಇದಕ್ಕಿಂತ ಸುಲಭದ ದಾರಿ, ಪಿಎಸ್4ಗೆ ಮೊದಲೇ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇದ್ದವರಿಗೆ ಸಿಗುತ್ತದೆ: ಅದನ್ನು ಕಿತ್ತು ಪಿಎಸ್5ಗೆ ಚುಚ್ಚಿದರೆ ಆಯಿತು, ಗೇಮ್‌ಗಳು ಹಾಗೇ ಕಾಣುತ್ತವೆ. ಯುಎಸ್‌ಬಿ ಹಬ್ ಮೂಲಕ ಹಾಕಬೇಡಿ, ಒಪ್ಪುವುದಿಲ್ಲ. ಹೊಸ ಹಾರ್ಡ್‌ಡಿಸ್ಕ್ ಕೊಳ್ಳುವುದಾದರೆ 250 ಜಿಬಿಯಿಂದ 8 ಟಿಬಿವರೆಗೆ ಯಾವುದಾದರೂ ನಡೆಯುತ್ತದೆ, ಯುಎಸ್‌ಬಿ 3 ಇರಬೇಕು. ಪಿಎಸ್4 ಗೇಮ್‌ಗಳು ಅದರಿಂದಲೇ ಓಡುತ್ತವೆ. ಪಿಎಸ್5 ಗೇಮ್‌ಗಳನ್ನು ಅಲ್ಲಿ ಇಟ್ಟುಕೊಳ್ಳಬಹುದು, ಆಡಲಾಗದು. ಒಳಗಿನ ದುಬಾರಿ ಎಸ್‌ಎಸ್‌ಡಿ ಜಾಗ ಉಳಿಸಲು ಸಾದಾ ಹಾರ್ಡ್‌ಡಿಸ್ಕ್‌ಗಿಂತ ಒಳ್ಳೆ ಉಪಾಯವಿಲ್ಲ.

ಹಳೆ ಡ್ಯುಯಲ್‌ಶಾಕ್ 4 ಕಂಟ್ರೋಲರ್ ಎಸೆಯಬೇಡಿ. ಪಿಎಸ್4 ಗೇಮ್‌ಗಳಿಗೆ ಪಿಎಸ್5ರಲ್ಲೂ ಕೆಲಸ ಮಾಡುತ್ತದೆ, ಮನೆಗೆ ನಾಲ್ಕು ಜನ ಬಂದಾಗ ಫಿಫಾಗೆ ಇನ್ನೊಂದು ಕಂಟ್ರೋಲರ್ ಕೊಳ್ಳುವುದು ತಪ್ಪುತ್ತದೆ. ಪಿಎಸ್5 ಗೇಮ್‌ಗೆ ಮಾತ್ರ ಅದು ನಡೆಯದು.

ಪಿಎಸ್3, ಪಿಎಸ್2, ಪಿಎಸ್1: ಇಲ್ಲಿ ಬಾಗಿಲು ಮುಚ್ಚಿದೆ

ಪಿಎಸ್5ಗೆ ಪಿಎಸ್3 ಡಿಸ್ಕ್ ಹಾಕಿದರೆ ಏನೂ ಆಗುವುದಿಲ್ಲ. ಡ್ರೈವ್ ಬ್ಲೂ-ರೇ ಓದುತ್ತದೆ ನಿಜ, ಆದರೆ ಅದರೊಳಗಿನ ಪ್ರೋಗ್ರಾಂ ಬರೆದಿರುವುದು ಸೆಲ್ ಎಂಬ ಬೇರೆಯೇ ಜಾತಿಯ ಪ್ರೊಸೆಸರ್‌ಗೆ. ಒಂದು ಮುಖ್ಯ ಕೋರ್, ಅದರ ಸುತ್ತ ಎಸ್‌ಪಿಇ ಎಂಬ ಸಹಾಯಕ ಕೋರ್‌ಗಳು, ಒಂದೊಂದಕ್ಕೂ 256 ಕೆಬಿ ಸ್ವಂತ ಮೆಮೊರಿ, ಎಲ್ಲ 3.2 ಗಿಗಾಹರ್ಟ್ಸ್ ವೇಗದಲ್ಲಿ. ಒಳ್ಳೆ ಗೇಮ್ ತಯಾರಕರು ಈ ಕೋರ್‌ಗಳಿಗೆ ಕೆಲಸ ಹಂಚಿದ್ದೇ ಕೈಚಳಕ. ಅದನ್ನು ಪಿಎಸ್5ರ ಎಂಟು ಸಾಮಾನ್ಯ ಕೋರ್‌ಗಳ ಮೇಲೆ ಅನುಕರಿಸುವುದು ತುಂಬ ಭಾರದ ಕೆಲಸ. ಸೋನಿ ಇದಕ್ಕೆ ಹುಡುಕಿಕೊಂಡ ದಾರಿ ಕ್ಲೌಡ್ ಸ್ಟ್ರೀಮಿಂಗ್ (ಗೇಮ್ ಸೋನಿಯ ಸರ್ವರ್‌ನಲ್ಲಿ ಓಡಿ ಚಿತ್ರ ಮಾತ್ರ ಇಂಟರ್ನೆಟ್‌ನಲ್ಲಿ ಬರುವುದು), ಪಿಎಸ್ ಪ್ಲಸ್ ಪ್ರೀಮಿಯಂ ಚಂದಾದಲ್ಲಿ. ಭಾರತದಲ್ಲಿ ಆ ಹಂತವೇ ಇಲ್ಲ. ಇಲ್ಲಿ ಸಿಗುವುದು ಡಿಲಕ್ಸ್, ಅದರಲ್ಲಿ ಆಯ್ದ ಪಿಎಸ್1, ಪಿಎಸ್2, ಪಿಎಸ್‌ಪಿ ಗೇಮ್‌ಗಳು ಡೌನ್‌ಲೋಡ್ ಆಗಿ ಬರುತ್ತವೆ, ಸ್ಟ್ರೀಮಿಂಗ್ ಇಲ್ಲ.

ಪಿಎಸ್1 ಡಿಸ್ಕ್‌ಗಳ ಕಥೆ ಇನ್ನೂ ಸರಳ. ಅವು ಸಿಡಿಗಳು. ಪಿಎಸ್4, ಪಿಎಸ್5ರ ಡ್ರೈವ್‌ನಲ್ಲಿ ಸಿಡಿ ಓದುವ ಇನ್‌ಫ್ರಾರೆಡ್ ಲೇಸರ್ ಇಲ್ಲವೇ ಇಲ್ಲ. ಹಾಡಿನ ಸಿಡಿಯೂ ಓಡದು. ಕಪ್ಪು ಅಡಿಭಾಗದ ಪಿಎಸ್1 ಡಿಸ್ಕ್, ನೀಲಿ ಅಡಿಭಾಗದ ಆರಂಭದ ಪಿಎಸ್2 ಡಿಸ್ಕ್ ಎರಡೂ ಈ ಗುಂಪಿಗೇ ಸೇರಿದವು.

ಬೆಂಗಳೂರಿನಲ್ಲಿ ಹಳೆ ಪಿಎಸ್2 ಇಟ್ಟುಕೊಂಡವರು ಮೊದಲು ಕೇಳುವುದು ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07 ಬಗ್ಗೆ. ಅದು ಬಂದಿದ್ದು ಪಿಎಸ್2 ಮತ್ತು ಕಂಪ್ಯೂಟರ್‌ಗೆ ಮಾತ್ರ. ಕ್ರೀಡೆಯ ಗೇಮ್‌ಗಳಲ್ಲಿ ಆಟಗಾರರ ಹೆಸರು, ಟೂರ್ನಿ, ಜಾಹೀರಾತು ಎಲ್ಲಕ್ಕೂ ಅವಧಿಯ ಲೈಸೆನ್ಸ್ ಇರುತ್ತದೆ. ಅವಧಿ ಮುಗಿದ ಮೇಲೆ ಮರುಬಿಡುಗಡೆಗೆ ಯಾರೂ ಕೈಹಾಕುವುದಿಲ್ಲ. 2009ರಲ್ಲಿ ಇಲ್ಲೇ ಭಾರತದಲ್ಲಿ ತಯಾರಾದ ಹನುಮಾನ್: ಬಾಯ್ ವಾರಿಯರ್ ಕೂಡ ಪಿಎಸ್2 ಡಿಸ್ಕ್‌ನಲ್ಲೇ ಬಂದದ್ದು. ಇಂಥವಕ್ಕೆ ಪಿಎಸ್2 ಬೇಕು, ಇಲ್ಲವೇ ಆರಂಭದ ದಪ್ಪ ಪಿಎಸ್3.

ಆ ದಪ್ಪ ಪಿಎಸ್3 ಗುರುತಿಸುವುದು ಹೀಗೆ. ಮುಂದೆ ನಾಲ್ಕು ಯುಎಸ್‌ಬಿ ಪೋರ್ಟ್ ಇದ್ದರೆ ಪಿಎಸ್2 ಗೇಮ್ ಓಡುವ ಮಾಡೆಲ್, ಎರಡೇ ಇದ್ದರೆ ಇಲ್ಲ. ಹಿಂದಿನ ಚೀಟಿಯಲ್ಲಿ ಮಾಡೆಲ್ ಸಂಖ್ಯೆ ಸಿಇಸಿಎಚ್‌ಎ ಅಥವಾ ಸಿಇಸಿಎಚ್‌ಬಿ ಎಂದಿದ್ದರೆ ಪಿಎಸ್2ರ ಎರಡೂ ಮುಖ್ಯ ಚಿಪ್‌ಗಳು ಒಳಗಿವೆ. ಸಿಇಸಿಎಚ್‌ಸಿ, ಸಿಇಸಿಎಚ್‌ಇ ಆದರೆ ಗ್ರಾಫಿಕ್ಸ್ ಚಿಪ್ ಮಾತ್ರ, ಉಳಿದದ್ದು ಸಾಫ್ಟ್‌ವೇರ್ ಅನುಕರಣೆ, ಹಾಗಾಗಿ ಕೆಲವು ಗೇಮ್ ತೊಡಕು ಕೊಡುತ್ತವೆ. 40 ಜಿಬಿ ಮಾಡೆಲ್‌ನಿಂದ ಈ ಸೌಲಭ್ಯವನ್ನೇ ತೆಗೆದರು. ಪಿಎಸ್1 ಡಿಸ್ಕ್ ಮಾತ್ರ ಎಲ್ಲ ಪಿಎಸ್3ರಲ್ಲೂ ಓಡುತ್ತದೆ. ಪಿಎಸ್3 ಗೇಮ್‌ಗಳಿಗೆ ಸಾಮಾನ್ಯವಾಗಿ ರೀಜನ್ ತಕರಾರು (ಒಂದು ದೇಶದ ಡಿಸ್ಕ್ ಇನ್ನೊಂದು ದೇಶದ ಕನ್ಸೋಲ್‌ನಲ್ಲಿ ಓಡದಿರುವುದು) ಇಲ್ಲ, ಆದರೆ ಪಿಎಸ್1, ಪಿಎಸ್2 ಡಿಸ್ಕ್‌ಗಳಿಗೆ ಇದೆ. ಅಮೆರಿಕದಿಂದ ಯಾರೋ ತಂದ ಪಿಎಸ್3ಗೆ ಇಲ್ಲಿನ ಪಿಎಸ್2 ಡಿಸ್ಕ್ ಹಾಕಿದರೆ ಓಡುವುದಿಲ್ಲ. ಇನ್ನೊಂದು ವಿಷಯ ಅಂಗಡಿಯವರೂ ಹೇಳುವುದಿಲ್ಲ: ಹಳೆ ಗೇಮ್ ಸೇವ್ ಆಗಬೇಕಾದರೆ ಗೇಮ್ ಮೆನುವಿನ ಮೆಮೊರಿ ಕಾರ್ಡ್ ಯುಟಿಲಿಟಿಯಲ್ಲಿ ಹೊಸ ಇಂಟರ್ನಲ್ ಮೆಮೊರಿ ಕಾರ್ಡ್ ಸೃಷ್ಟಿಸಿ ಸ್ಲಾಟ್ 1ಕ್ಕೆ ಜೋಡಿಸಬೇಕು. ಮಾಡದಿದ್ದರೆ ಮೂರು ಗಂಟೆ ಆಡಿದ ಮೇಲೆ 'ಕಾರ್ಡ್ ಇಲ್ಲ' ಅನ್ನುತ್ತದೆ.

ದಪ್ಪ ಮಾಡೆಲ್‌ನ ದೊಡ್ಡ ರೋಗ ಹಳದಿ ದೀಪ. ಆನ್ ಮಾಡಿದಾಗ ಹಸಿರು, ಕ್ಷಣದಲ್ಲಿ ಹಳದಿ, ಮೂರು ಬೀಪ್, ಆಮೇಲೆ ಕೆಂಪು ಮಿಣುಕು. ಬಿಸಿ ಗಾಳಿ ಬೀಸಿ 'ರಿಪೇರಿ' ಮಾಡಿಕೊಡುವವರು ಸಿಗುತ್ತಾರೆ. ಅದು ಕೆಲವು ವಾರದ ಆಯುಷ್ಯ. ಬಹಳ ಸಲ ಬೋರ್ಡ್ ಮೇಲಿನ ನೆಕ್ ಟೋಕಿನ್ ಕೆಪಾಸಿಟರ್‌ಗಳು ಸೊರಗಿರುತ್ತವೆ, ಕೆಲವು ಸಲ ಗ್ರಾಫಿಕ್ಸ್ ಚಿಪ್ಪೇ ಕೈಕೊಟ್ಟಿರುತ್ತದೆ. ಕೆಪಾಸಿಟರ್ ಬದಲಿಸುವವರಿಗೇ ಕೊಡಿ. ಬರೀ ಪಿಎಸ್3 ಗೇಮ್ ಆಡಲು ಸಾಕೆಂದರೆ 2009ರ ನಂತರದ ಸ್ಲಿಮ್ ಮಾಡೆಲ್ ಹುಡುಕುವುದು ಜಾಣತನ. ಒಳಗಿನ ಸಿಆರ್2032 ಬ್ಯಾಟರಿ ಬದಲಿಸಿ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಹೊಸದು ಹಾಕಿಸಿ, ಹಾರ್ಡ್‌ಡಿಸ್ಕ್ ಹಳೆಯದಾಗಿದ್ದರೆ 9.5 ಮಿ.ಮೀ. ದಪ್ಪದೊಳಗಿನ 2.5 ಇಂಚಿನ ಸಾಟಾ ಡ್ರೈವ್ ಹಾಕಿ. ಹೊಸ ಡ್ರೈವ್‌ಗೆ ಸಿಸ್ಟಮ್ ತುಂಬಲು ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ಪಿಎಸ್3 ಎಂಬ ಫೋಲ್ಡರ್, ಅದರೊಳಗೆ ಅಪ್‌ಡೇಟ್ ಎಂಬ ಫೋಲ್ಡರ್, ಅದರೊಳಗೆ ಸೋನಿಯ ಅಪ್‌ಡೇಟ್ ಫೈಲ್ ಇರಬೇಕು; ಫೋಲ್ಡರ್ ಹೆಸರು ಎರಡೂ ದೊಡ್ಡಕ್ಷರದಲ್ಲಿ. ಪಿಎಸ್3ರ ಆನ್‌ಲೈನ್ ಸ್ಟೋರ್ ಇನ್ನೂ ಮುಚ್ಚಿಲ್ಲ, ಆದರೆ 2021ರ ಅಕ್ಟೋಬರ್‌ನಿಂದ ಪಿಎಸ್3 ಮೇಲೆ ನೇರವಾಗಿ ಕಾರ್ಡ್ ಹಾಕುವಂತಿಲ್ಲ. ಕಂಪ್ಯೂಟರ್ ಅಥವಾ ಫೋನ್‌ನಿಂದ ವಾಲೆಟ್‌ಗೆ ದುಡ್ಡು ತುಂಬಿ ಆಮೇಲೆ ಕೊಳ್ಳಬೇಕು.

ಸೀರೀಸ್ ಎಕ್ಸ್: ಡಿಸ್ಕ್ ಬರೀ ಬೀಗದ ಕೈ

ಹಳೆ ಗೇಮ್ ವಿಷಯದಲ್ಲಿ ಮೈಕ್ರೋಸಾಫ್ಟ್ ಪಟ್ಟ ಶ್ರಮ ಬೇರೆ ಯಾರೂ ಪಟ್ಟಿಲ್ಲ. 2015ರ ನವೆಂಬರ್‌ನಲ್ಲಿ 360ರ ನಂತರದ ಎಕ್ಸ್‌ಬಾಕ್ಸ್ ಒನ್ ಮೇಲೆ 360 ಗೇಮ್ ಓಡಿಸಲು ಶುರು ಮಾಡಿ, 2017ರಲ್ಲಿ ಮೂಲ ಎಕ್ಸ್‌ಬಾಕ್ಸ್ ಗೇಮ್‌ಗಳನ್ನೂ ಸೇರಿಸಿ, 2021ರ ನವೆಂಬರ್ 15ರಂದು 70ಕ್ಕೂ ಹೆಚ್ಚು ಗೇಮ್‌ಗಳ ಕೊನೆಯ ಕಂತು ಬಿಟ್ಟು ನಿಲ್ಲಿಸಿದರು. ಒಟ್ಟು 600ಕ್ಕೂ ಹೆಚ್ಚು 360 ಗೇಮ್‌ಗಳು, 60ರ ಆಸುಪಾಸು ಮೂಲ ಎಕ್ಸ್‌ಬಾಕ್ಸ್ ಗೇಮ್‌ಗಳು. 360ರ ಪೂರ್ತಿ ಸಂಗ್ರಹಕ್ಕೆ ಹೋಲಿಸಿದರೆ ಇದು ಅರ್ಧವೂ ಅಲ್ಲ. ನಿಮ್ಮ ಡಿಸ್ಕ್ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ಎಕ್ಸ್‌ಬಾಕ್ಸ್ ವೆಬ್‌ಸೈಟ್‌ನಲ್ಲಿ ಮೊದಲೇ ಹುಡುಕಿ. ಕಿನೆಕ್ಟ್ ಕ್ಯಾಮೆರಾ ಬೇಕಾದ 360 ಗೇಮ್‌ಗಳನ್ನು ಮರೆತುಬಿಡಿ.

ಇದು ಕೆಲಸ ಮಾಡುವ ರೀತಿ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. 360 ಡಿಸ್ಕ್ ಹಾಕಿದಾಗ ಸೀರೀಸ್ ಎಕ್ಸ್ ಅದರಿಂದ ಗೇಮ್ ಓದುವುದಿಲ್ಲ. ಡಿಸ್ಕ್ ಯಾವುದು ಅಂತ ಗುರುತಿಸಿ, ಹೊಸದಾಗಿ ಕಟ್ಟಿದ ಆವೃತ್ತಿಯನ್ನು ಸರ್ವರ್‌ನಿಂದ ಡೌನ್‌ಲೋಡ್ ಮಾಡುತ್ತದೆ. ಆಮೇಲೂ ಆಡುವಾಗ ಡಿಸ್ಕ್ ಒಳಗಿರಬೇಕು, ಮಾಲೀಕತ್ವದ ಪುರಾವೆಯಾಗಿ. ಹೊಸದಾಗಿ ಕಟ್ಟಿ ಹಂಚುವುದರಿಂದಲೇ ಪ್ರತಿ ಗೇಮ್‌ಗೂ ಪ್ರಕಾಶಕರ ಒಪ್ಪಿಗೆ ಬೇಕಾಯಿತು, ಹಾಡು, ಕಾರು, ಕ್ರೀಡೆಯ ಲೈಸೆನ್ಸ್ ಸಿಕ್ಕಿಕೊಂಡ ಗೇಮ್‌ಗಳು ಹಿಂದೆ ಉಳಿದವು. 360 ಡಿವಿಡಿಯಲ್ಲಿ ಹಿಡಿಯುವುದೇ 8 ಜಿಬಿ ಒಳಗೆ, ಹಾಗಾಗಿ 100 ಎಂಬಿಪಿಎಸ್ ಲೈನ್‌ನಲ್ಲಿ ಹತ್ತು ಹನ್ನೆರಡು ನಿಮಿಷದ ಕೆಲಸ. ಪಿಜಿಯ ವೈಫೈನಲ್ಲಿ ಲಾಗಿನ್ ಪುಟ ಅಡ್ಡ ಬಂದರೆ ಫೋನ್ ಹಾಟ್‌ಸ್ಪಾಟ್‌ನಿಂದಲೂ ಮುಗಿಸಬಹುದು.

ಈ ವ್ಯವಸ್ಥೆಯ ಒಳ್ಳೆ ಮುಖವೂ ಇದೆ. ಸ್ಟೋರ್‌ನಿಂದ 2016ರಲ್ಲೇ ತೆಗೆದುಹಾಕಿದ ಮೊದಲ ಫೋರ್ಜಾ ಹೊರೈಜನ್ ಡಿಸ್ಕ್ ಕೈಯಲ್ಲಿದ್ದರೆ ಇವತ್ತಿಗೂ ಡೌನ್‌ಲೋಡ್ ಆಗಿ ಓಡುತ್ತದೆ. ರೆಡ್ ಡೆಡ್ ರಿಡೆಂಪ್ಶನ್‌ನ 360 ಡಿಸ್ಕ್ ಹಾಕಿದರೆ 720ಪಿ ಇದ್ದದ್ದು 4ಕೆ ಆಗಿ ಕಾಣುತ್ತದೆ, ದೂರದ ಗುಡ್ಡದ ಅಂಚು, ಕುದುರೆಯ ಜೀನಿನ ಹೊಲಿಗೆ ಎಲ್ಲ ಚೂಪಾಗಿ. ತಯಾರಕರು ಒಂದು ಸಾಲೂ ಬದಲಿಸದ ಗೇಮ್‌ಗೆ ಇಷ್ಟು ಹೊಳಪು ಕೊಡುವುದು ಪಿಎಸ್5ಗೂ ಬರದ ವಿದ್ಯೆ. ಬಣ್ಣ, ಬೆಳಕನ್ನು ತಾನೇ ಹೆಚ್ಚಿಸುವ ಆಟೋ ಎಚ್‌ಡಿಆರ್ ಮಾತ್ರ ಎಲ್ಲ ಗೇಮ್‌ಗೂ ಹೊಂದುವುದಿಲ್ಲ. ಅಗ್ಗದ ಟಿವಿಯಲ್ಲಿ ಬಣ್ಣ ಬಿಳಿಚಿಕೊಂಡರೆ ಆ ಗೇಮ್‌ಗಷ್ಟೇ ಆಫ್ ಮಾಡಿ.

360ರ ಸೇವ್ ತರುವಾಗ ಕೈ ಸುಡುವುದು ಜಾಸ್ತಿ. ಹಳೆ 360ರ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಕ್ಲೌಡ್ ಸೇವ್ ಆನ್ ಮಾಡಿ, ಗೇಮ್‌ನ ಸೇವ್ ಅನ್ನು ಕ್ಲೌಡ್‌ಗೆ ಕಾಪಿ ಮಾಡಿ, ಅದೇ ಗೇಮರ್‌ಟ್ಯಾಗ್‌ನಿಂದ (ಎಕ್ಸ್‌ಬಾಕ್ಸ್ ಖಾತೆಯ ಹೆಸರು) ಸೀರೀಸ್ ಎಕ್ಸ್‌ನಲ್ಲಿ ಗೇಮ್ ತೆರೆದರೆ ತಾನೇ ಬರುತ್ತದೆ. ಮೈಕ್ರೋಸಾಫ್ಟ್ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿದ್ದರೆ 360 ಸಾಮಾನ್ಯ ಪಾಸ್‌ವರ್ಡ್ ಒಪ್ಪುವುದಿಲ್ಲ. ಖಾತೆಯ ಭದ್ರತಾ ಪುಟದಲ್ಲಿ ಆಪ್ ಪಾಸ್‌ವರ್ಡ್ ಮಾಡಿಕೊಂಡು ಅದನ್ನು ಹಾಕಬೇಕು. ಸೀರೀಸ್ ಎಕ್ಸ್‌ನಲ್ಲಿ 360 ಗೇಮ್ ಆಡುವಾಗ ವ್ಯೂ, ಮೆನು ಎರಡೂ ಬಟನ್ ಒಟ್ಟಿಗೆ ಒತ್ತಿದರೆ ಹಳೆ 360ರ ಗೈಡ್ ತೆರೆಯುತ್ತದೆ, ಕ್ಲೌಡ್ ಸಮಸ್ಯೆ ನೋಡಲು ಇದೇ ದಾರಿ. 360ರ ಸ್ಟೋರ್ 2024ರ ಜುಲೈ 29ಕ್ಕೆ ಮುಚ್ಚಿದರೂ ಹಿಂದೆ ಕೊಂಡ ಗೇಮ್ ಮತ್ತೆ ಇಳಿಸಿಕೊಳ್ಳಬಹುದು.

ಬೆಂಗಳೂರಿನ ಬಹಳ 360ಗಳು ಕಾಪಿ ಗೇಮ್ ಓಡಿಸಲು ಜೈಲ್‌ಬ್ರೇಕ್ ಆದವು ಅಥವಾ ಡ್ರೈವ್ ಫ್ಲ್ಯಾಶ್ ಮಾಡಿದವು ಅನ್ನುವುದು ಗುಟ್ಟೇನಲ್ಲ. ಆ ಕಾಲದಲ್ಲಿ ಫುಟ್‌ಪಾತ್‌ನಲ್ಲಿ ಕೊಂಡ ಕಾಪಿ ಡಿಸ್ಕ್‌ಗಳನ್ನು ಸೀರೀಸ್ ಎಕ್ಸ್ ಗುರುತಿಸುವುದೇ ಇಲ್ಲ. ಆಫ್‌ಲೈನ್ ಪ್ರೊಫೈಲ್‌ನ ಸೇವ್ ಕ್ಲೌಡ್‌ಗೆ ಏರುವುದೂ ಇಲ್ಲ. ಅಂಥ ಸಂಗ್ರಹಕ್ಕಾಗಿ ಸೀರೀಸ್ ಎಕ್ಸ್ ಕೊಳ್ಳುವುದು ದುಡ್ಡು ದಂಡ.

ಸೀರೀಸ್ ಎಕ್ಸ್‌ನ ಚಿಕ್ಕ ಮಾಡೆಲ್ ಸೀರೀಸ್ ಎಸ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಡಿಸ್ಕ್ ಡ್ರೈವ್ ಇಲ್ಲ. ಮೆಮೊರಿ 10 ಜಿಬಿ ಮಾತ್ರವಾದ್ದರಿಂದ ಎಕ್ಸ್‌ಬಾಕ್ಸ್ ಒನ್ ಗೇಮ್‌ಗಳು ಆ ಪೀಳಿಗೆಯ ಶಕ್ತಿಶಾಲಿ ಮಾಡೆಲ್ ಒನ್ ಎಕ್ಸ್‌ನ ಉತ್ತಮ ಆವೃತ್ತಿಯ ಬದಲು ಸಾದಾ ಮಾಡೆಲ್ ಒನ್ ಎಸ್ ಆವೃತ್ತಿಯಲ್ಲಿ ಓಡುತ್ತವೆ. ಎಲ್ಲ ಡಿಜಿಟಲ್ ಆಗಿ ಕೊಂಡವರಿಗಷ್ಟೇ ಸರಿ. ಬಿಳಿ ಬಣ್ಣದ ಸೀರೀಸ್ ಎಕ್ಸ್ ಕಂಡು ಮೋಸಹೋಗಬೇಡಿ, ಅದರಲ್ಲೂ ಡ್ರೈವ್ ಇಲ್ಲ. ಹಳೆ ಗೇಮ್‌ಗಳನ್ನು ಇಡಲು 128 ಜಿಬಿ ಮೇಲ್ಪಟ್ಟ ಯಾವ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಆದರೂ ಸಾಕು, ಅಲ್ಲಿಂದಲೇ ಓಡುತ್ತವೆ. ಎಕ್ಸ್‌ಬಾಕ್ಸ್ ಒನ್ ಡಿಸ್ಕ್‌ಗಳಿಗೆ ಮೊದಮೊದಲು ಇಂಟರ್ನೆಟ್ ಪರಿಶೀಲನೆ ಇತ್ತು, 2022ರ ಅಪ್‌ಡೇಟ್‌ನಿಂದ ತೆಗೆದಿದ್ದಾರೆ. ಬೆಂಗಳೂರಿನ ಅಂಗಡಿಗಳಲ್ಲಿ ಪಿಎಸ್5 ಕಂಡಷ್ಟು ಸುಲಭವಾಗಿ ಕಪ್ಪು ಸೀರೀಸ್ ಎಕ್ಸ್ ಕಾಣುವುದಿಲ್ಲ, ಅದೇ ಇದರ ನಿಜವಾದ ತೊಂದರೆ.

ಸ್ವಿಚ್ 2

ಸ್ವಿಚ್ 2 2025ರ ಜೂನ್ 5ರಂದು ಜಗತ್ತಿನ ಹಲವೆಡೆ ಬಂದಾಗ ಭಾರತ ಆ ಪಟ್ಟಿಯಲ್ಲಿರಲಿಲ್ಲ. ಇಲ್ಲಿಗೆ ಬಂದದ್ದು ದುಬೈ, ಅಮೆರಿಕ, ಜಪಾನ್ ಮೂಲಕ. ಜಪಾನಿನಲ್ಲಿ ಎರಡು ಬಗೆ ಮಾರುತ್ತಾರೆ: ಬಿಡುಗಡೆಯ ಹೊತ್ತಿಗೆ 49,980 ಯೆನ್ ಇದ್ದ ಅಗ್ಗದ್ದು ಜಪಾನಿ ಭಾಷೆಯಲ್ಲಿ ಮಾತ್ರ ನಡೆಯುತ್ತದೆ, ಜಪಾನ್ ಎಂದು ನೋಂದಾಯಿಸಿದ ಖಾತೆಗಷ್ಟೇ ಒಪ್ಪುತ್ತದೆ. ಆಗ 69,980 ಯೆನ್ ಇದ್ದ ಬಹುಭಾಷಾ ಆವೃತ್ತಿಗೆ ಆ ನಿರ್ಬಂಧವಿಲ್ಲ. ಗ್ರೇ ಮಾರ್ಕೆಟ್‌ನಲ್ಲಿ ಯಾವುದಾದರೂ ಸ್ವಿಚ್ 2 ಬೇರೆಡೆಗಿಂತ ಗಣನೀಯವಾಗಿ ಅಗ್ಗವಾಗಿದ್ದರೆ ಕಾರಣ ಬಹುಪಾಲು ಇದೇ. ಕೊಳ್ಳುವ ಮುಂಚೆ ಆನ್ ಮಾಡಿಸಿ ಭಾಷೆಯ ಪಟ್ಟಿ ನೋಡಿ.

ಹಳೆ ಸ್ವಿಚ್ ಕಾರ್ಟ್ರಿಜ್‌ಗಳಿಗೆ ಇದು ಒಳ್ಳೆಯ ಮನೆ. ಹಳೆ ಚಿಪ್‌ಗೆ ಬರೆದ ಸೂಚನೆಗಳನ್ನು ಆಡುವಾಗಲೇ ಅನುವಾದಿಸಿ ಹೊಸ ಚಿಪ್‌ಗೆ ಕೊಡುತ್ತದೆ, ಬಹುತೇಕ ಗೇಮ್ ಸಲೀಸು. ಆದರೆ ಬಾಕ್ಸ್ ತೆರೆದ ಕೂಡಲೇ ಇಂಟರ್ನೆಟ್‌ಗೆ ಸೇರಿಸಿ ಮೊದಲ ಅಪ್‌ಡೇಟ್ ಹಾಕದಿದ್ದರೆ ಹಳೆ ಕಾರ್ಟ್ರಿಜ್ ಓಡುವುದಿಲ್ಲ. ಬಸ್ಸಿನಲ್ಲಿ ಊರಿಗೆ ಹೊರಡುವ ದಿನ ಬಾಕ್ಸ್ ತೆರೆಯಬೇಡಿ. ಪೋಕೆಮಾನ್ ಸ್ಕಾರ್ಲೆಟ್, ವಯಲೆಟ್ ಎರಡೂ ಉಚಿತ ಅಪ್‌ಡೇಟ್‌ನಿಂದ 60 ಫ್ರೇಮ್‌ಗೆ ಏರಿವೆ, ಹಳೆ ಸ್ವಿಚ್‌ನಲ್ಲಿ ತಡವರಿಸುತ್ತಿದ್ದ ಗೇಮ್ ಇದೇನಾ ಅನ್ನಿಸುವಷ್ಟು. ಜೆಲ್ಡಾದ ಎರಡು ಗೇಮ್‌ಗಳಿಗೆ ಅಪ್‌ಗ್ರೇಡ್ ದುಡ್ಡು ಕೊಟ್ಟು ಕೊಳ್ಳಬೇಕು. ಹಳೆ ಮೈಕ್ರೋ ಎಸ್‌ಡಿ ಕಾರ್ಡ್ ಗೇಮ್ ಇಡಲು ನಡೆಯದು, ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಬೇಕು. ಹಳೆಯದರಿಂದ ಚಿತ್ರ, ವಿಡಿಯೋ ಕಾಪಿ ಮಾಡಬಹುದಷ್ಟೇ. ಹಳೆ ಚಾರ್ಜರ್‌ನಿಂದ ಟಿವಿಗೆ ಜೋಡಿಸುವ ಹೊಸ ಡಾಕ್ ನಡೆಯುವುದಿಲ್ಲ. ಕೈಯಲ್ಲಿ ರಿಂಗ್ ಹಿಡಿದು ವ್ಯಾಯಾಮ ಮಾಡುವ ರಿಂಗ್ ಫಿಟ್ ಆಡುವವರು ಹಳೆ ಜಾಯ್‌ಕಾನ್ ಕಂಟ್ರೋಲರ್ ಇಟ್ಟುಕೊಳ್ಳಿ: ಹೊಸ ಜಾಯ್‌ಕಾನ್ ರಿಂಗ್‌ಗೆ ಕೂರುವುದಿಲ್ಲ, ಅದರಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಕೂಡ ಇಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಹಳೆ ಗೇಮ್ ಓಡುವ ಕನ್ಸೋಲ್ ಬಂದ ಮೇಲೆ ಹಳೆ ಡಿಸ್ಕ್ ಹುಡುಕುವ ಚಟ ಹತ್ತುವುದು ಸಹಜ. ಡಿಸ್ಕ್ ಅನ್ನು ಫೋನ್ ಟಾರ್ಚ್ ಕೆಳಗೆ ಓರೆ ಹಿಡಿದು ನೋಡಿ. ಪಿಎಸ್4, ಪಿಎಸ್3 ಬ್ಲೂ-ರೇ ಮೇಲೆ ಗಟ್ಟಿ ಪದರ ಇರುವುದರಿಂದ ಸಣ್ಣ ಗೀರು ಲೆಕ್ಕಕ್ಕಿಲ್ಲ; 360 ಡಿವಿಡಿಯಲ್ಲಿ ಮಾತ್ರ ವೃತ್ತಾಕಾರದ ಆಳವಾದ ಗೀರು ಕಂಡರೆ ಬಿಟ್ಟುಬಿಡಿ, ಆಡುತ್ತಿರುವಾಗ ಕನ್ಸೋಲ್ ಅಲುಗಾಡಿಸಿದ ಗುರುತದು. ಸೀರೀಸ್ ಎಕ್ಸ್‌ನಲ್ಲಿ ಡಿಸ್ಕ್ ಗುರುತಿಸಿದರೆ ಸಾಕಾದ್ದರಿಂದ ಅಲ್ಪಸ್ವಲ್ಪ ಗೀರಿನ 360 ಡಿಸ್ಕ್ ಹಳೆ 360ಗಿಂತ ಇಲ್ಲೇ ಚೆನ್ನಾಗಿ ಓಡುವುದುಂಟು. ನಡುವಿನ ತೂತಿನ ಸುತ್ತ ಕೂದಲೆಳೆ ಬಿರುಕಿದ್ದರೆ ಬೆಲೆ ಎಷ್ಟೇ ಕಮ್ಮಿ ಇರಲಿ ಬೇಡ.

ಪಿಎಸ್4 ಡಿಸ್ಕ್‌ನ ಬಾಕ್ಸ್ ಮೇಲೆ ವಯಸ್ಸಿನ ಮಿತಿ ಹೇಳುವ ಪೆಗಿ ಗುರುತಿದ್ದರೆ ಯುರೋಪಿನ ಆವೃತ್ತಿ, ಭಾರತದ ಪಿಎಸ್‌ಎನ್ (ಪ್ಲೇಸ್ಟೇಷನ್ ಆನ್‌ಲೈನ್) ಖಾತೆಯಲ್ಲಿ ಕೊಂಡ ಡಿಎಲ್‌ಸಿ (ಗೇಮ್‌ಗೆ ಸೇರಿಸುವ ಹೆಚ್ಚುವರಿ ಭಾಗ) ಸಾಮಾನ್ಯವಾಗಿ ಅದಕ್ಕೆ ಹೊಂದುತ್ತದೆ. ಇಎಸ್‌ಆರ್‌ಬಿ ಅಕ್ಷರದ ಗುರುತಿದ್ದರೆ ಅಮೆರಿಕದ್ದು: ಗೇಮ್ ಓಡುತ್ತದೆ, ಇಲ್ಲಿ ಕೊಂಡ ಡಿಎಲ್‌ಸಿ ಸೇರುವುದಿಲ್ಲ. ಗೇಮ್ ಆಫ್ ದಿ ಇಯರ್ ಆವೃತ್ತಿಯಲ್ಲಿ ಡಿಎಲ್‌ಸಿ ಡಿಸ್ಕ್‌ನಲ್ಲೇ ಇದೆಯೋ, ಕೋಡ್ ರೂಪದಲ್ಲಿದ್ದು ಹಿಂದಿನವರು ಬಳಸಿಬಿಟ್ಟಿದ್ದಾರೋ ಕೇಳಿ. ಪೂರ್ತಿ ಆನ್‌ಲೈನ್ ಗೇಮ್‌ಗಳ ಡಿಸ್ಕ್ ಪುಕ್ಕಟೆ ಕೊಟ್ಟರೂ ಯೋಚಿಸಿ. 2014ರ ದಿ ಕ್ರೂ ಸರ್ವರ್ 2024ರ ಮಾರ್ಚ್ 31ರಂದು ನಿಂತಿತು, ಯಾವ ಕನ್ಸೋಲ್‌ಗೆ ಹಾಕಿದರೂ ಆಡಲಾಗದು.

ಸ್ವಿಚ್ ಕಾರ್ಟ್ರಿಜ್ ವಿಷಯದಲ್ಲಿ ಎಚ್ಚರಿಕೆ ಇನ್ನೂ ಜಾಸ್ತಿ ಬೇಕು. ಹಲವು ಗೇಮ್ ತುಂಬಿದ ಮಿಗ್ ಫ್ಲ್ಯಾಶ್ ಕಾರ್ಡ್ ಸ್ವಿಚ್ 2ಗೆ ಹಾಕಿದರೆ ನಿಂಟೆಂಡೊ ಆ ಕನ್ಸೋಲ್ ಅನ್ನೇ ಆನ್‌ಲೈನ್‌ನಿಂದ ಹೊರಹಾಕುತ್ತದೆ, ಪರದೆಯಲ್ಲಿ 2124-4508 ಎಂಬ ಎರರ್ ಬರುತ್ತದೆ. ಅಸಲಿ ಕಾರ್ಟ್ರಿಜ್ ಅನ್ನು ಯಾರೋ ಕಾಪಿ ತೆಗೆದು ಮಾರಿದ್ದರೂ ಇದೇ ಗತಿ ಬರಬಹುದು. ಸೆಕೆಂಡ್ ಹ್ಯಾಂಡ್ ಸ್ವಿಚ್ 2 ಕೊಳ್ಳುವವರು ಅಂಗಡಿಯಲ್ಲೇ ಫೋನ್ ಹಾಟ್‌ಸ್ಪಾಟ್ ಕೊಟ್ಟು ನಿಂಟೆಂಡೊದ ಆನ್‌ಲೈನ್ ಅಂಗಡಿ ಇ-ಶಾಪ್ ತೆರೆಸಿ ನೋಡಿ. ತೆರೆಯದಿದ್ದರೆ ಚೌಕಾಸಿಗೇ ಹೋಗಬೇಡಿ.

ಇನ್ನು ಕರೆಂಟ್. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಿಂದ ಪಿಎಸ್4 ಗೇಮ್ ಆಡುವಾಗ ಮಳೆಗಾಲದ ಸಂಜೆ ಕರೆಂಟ್ ಹೋದರೆ ಮುಂದಿನ ಸಲ ಪಿಎಸ್5 ಆ ಡಿಸ್ಕ್ ಅನ್ನು ಪರೀಕ್ಷಿಸಿ ದುರಸ್ತಿ ಮಾಡಲು ಕೂರುತ್ತದೆ, ಪದೇ ಪದೇ ಆದರೆ ಮತ್ತೆ ಫಾರ್ಮ್ಯಾಟ್ ಕೇಳುತ್ತದೆ. ಕಂಪ್ಯೂಟರ್‌ಗೆ ಬಳಸುವ 600 ವಿಎ ಯುಪಿಎಸ್ ಒಂದಿದ್ದರೆ ಸೇವ್ ಮಾಡಿ ಆಫ್ ಮಾಡುವಷ್ಟು ಸಮಯ ಸಿಗುತ್ತದೆ. ಮನೆಯ ಇನ್ವರ್ಟರ್ ಸೈನ್ ವೇವ್ ಆದರೆ ಸರಿ, ಹಳೆ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಕನ್ಸೋಲ್ ಓಡಿಸಬೇಡಿ. ರೆಸ್ಟ್ ಮೋಡ್‌ನಲ್ಲಿ ಬಿಟ್ಟು ಮಲಗುವ ಅಭ್ಯಾಸ ಇರುವವರು, ಏರಿಯಾದಲ್ಲಿ ರಾತ್ರಿ ಕರೆಂಟ್ ಹೋಗಿ ಬರುತ್ತಿದ್ದರೆ ಪೂರ್ತಿ ಆಫ್ ಮಾಡಿಯೇ ಮಲಗಿ.